ಒಂದಡಿ ಮಣ್ಣು

ಶೈಲಮ್ಮ ಬಗ್ಗಿದಾಗಲೆಲ್ಲ ಲೋಹ ಹುಡುಕುವ ಮಿಶಿನ್ ಕೂಗುತ್ತಿತ್ತು. ಬೋರಲಿಂಗಯ್ಯ ಅಗೆದಾಗಲೆಲ್ಲ ಬರೀ ಮಣ್ಣು ಬರುತ್ತಿತ್ತು. ಮೂರನೆಯ ಗುಂಡಿಗೆ ಅವರ ಸೊಂಟ ಹಿಡಿಯಿತು. ಸಲಿಕೆಯನ್ನು ನೆಲಕ್ಕೆ ಚುಚ್ಚಿ, ಟೋಪಿಯನ್ನು ಹಿಂದಕ್ಕೆ ಸರಿಸಿ, ಶೈಲಮ್ಮನವರನ್ನು ಅನುಮಾನದಿಂದ ನೋಡಿದರು.

"ಶೈಲಮ್ಮನೋರೆ, ತಪ್ಪು ತಿಳ್ಕೋಬೇಡಿ. ಮೈಮೇಲೆ ಏನಾದ್ರೂ ಬೆಳ್ಳಿ ಇದ್ಯಾ?"

"ಬಳಿ ನೀವಽ ತೆಗಿಸೀರಿ. ಇನ್ನೇನೈತ್ರಿ ನನ್ನ ಹತ್ರ" ಎಂದ ಶೈಲಮ್ಮ, ಅಷ್ಟರಲ್ಲೇ ನೆನಪಾಗಿ ಸ್ವೆಟರಿನ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ಶಿವನ, ಇದೊಂದು ಐತಿ ನೋಡ್ರಿ."

ಸ್ವೆಟರಿನೊಳಗೆ, ಶಿವದಾರದ ತುದಿಯಲ್ಲಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಮದುವೆಯಲ್ಲಿ ಗದಗಿನ ಪತ್ತಾರರು ಗಂಡಹೆಂಡಿರಿಗೆಂದು ಒಂದೇ ಗಟ್ಟಿ ಕರಗಿಸಿ ಮಾಡಿಕೊಟ್ಟ ಜೋಡಿಯಲ್ಲಿ ಇದೊಂದು. ಬಗ್ಗಿದಾಗ ಅದು ಜೋಲುಬಿದ್ದು ಮಿಶಿನ್ನಿನ ತಟ್ಟೆಯ ಹತ್ತಿರಕ್ಕೆ ಬರುತ್ತಿತ್ತು. ಬೋರಲಿಂಗಯ್ಯ ತಮ್ಮ ಮೂರು ಗುಂಡಿಗಳ ಕಡೆ ನೋಡಿ ನಕ್ಕುಬಿಟ್ಟರು.

"ಕಾರಲ್ಲಿ ಇಟ್ಟು ಬರ್ಬೋದಲ್ವಾ?"

"ಮೈ ಬಿಟ್ಟು ಇಡಂಗಿಲ್ರಿ ಇದನ್ನ. ಜಳಕಾ ಮಾಡುವಾಗೂ ಇಡಂಗಿಲ್ಲ."

"ಹಂಗಾದ್ರೆ ಸರಿ, ನಂಬರ್ ಗುರುತು ಇಟ್ಕೊಳಣ. ಒಂದೊಂದು ಲೋಹಕ್ಕೆ ಒಂದೊಂದು ನಂಬರ್, ನಿಮ್ದಕ್ಕೆ ಎಂಬತ್ನಾಲ್ಕು ತೋರಿಸ್ತಿದೆ ನೋಡಿ. ಇನ್ಮೇಲೆ ಎಂಬತ್ನಾಲ್ಕು ಬಂದ್ರೆ ಅದು ನಿಮ್ದು ಅಂತ, ನಾನು ಅಗೆಯಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಶೈಲಮ್ಮ ಇದನ್ನು ಹೇಳಿ ಮನೆಮಂದಿಯನ್ನೆಲ್ಲ ನಗಿಸಿದರು. ಮೊಮ್ಮಗಳು ತನ್ವಿ, "ಸೋ ಯೂ ಆರ್ ದ ಟ್ರೆಷರ್, ಅಜ್ಜಿ" ಎಂದಳು. ಮಗ ಶಿವಕಿರಣ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮಾರ್ಚ್ ತಿಂಗಳಲ್ಲಿ ಹಿಮ ಕರಗಿ, ಇನ್ನೂ ಬಿತ್ತನೆ ಆಗದ ಹೊಲಗಳಲ್ಲಿ ಹಳೆಯ ಲೋಹ ಹುಡುಕುವುದು ಬೋರಲಿಂಗಯ್ಯನವರ ಹವ್ಯಾಸ. ಮಂಡ್ಯದ ಕಡೆಯವರು, ಮೂವತ್ತು ವರ್ಷ ಔಷಧಿ ಕಂಪನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಪ್ಲೇನ್ಸ್‌ಬರೋದ ಅದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ಅವರದು, ಮೇಲಿನದು ಶಿವಕಿರಣನದು. ಶೈಲಮ್ಮ ಗದಗಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದವರೆಂದು ತಿಳಿದ ದಿನವೇ ಅವರು ತಮ್ಮ ಹಳೆಯ ಮಿಶಿನ್ ತಂದುಕೊಟ್ಟಿದ್ದರು. ಹೊಲದ ಮಾಲೀಕನಿಂದ ಬರೆಸಿಕೊಂಡ ಅನುಮತಿ ಪತ್ರ ಸದಾ ಅವರ ಜೇಬಿನಲ್ಲಿರುತ್ತಿತ್ತು. ಸಿಕ್ಕಿದ್ದನ್ನು ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿ ಇಡುತ್ತಿದ್ದರು. ಸಿಪಾಯಿಯ ಅಂಗಿಯ ಗುಂಡಿ, ಸೀಸದ ಗುಂಡು, ತಲೆ ಸವೆದುಹೋದ ತಾಮ್ರದ ನಾಣ್ಯ. "ಇನ್ನೂರೈವತ್ತು ವರ್ಷದ್ದು" ಎಂದು ದನಿ ತಗ್ಗಿಸಿ ಹೇಳುವರು. ಲಕ್ಕುಂಡಿಯಲ್ಲಿ ಎಮ್ಮೆ ಕಟ್ಟುವ ಕಲ್ಲೇ ಒಂಬೈನೂರು ವರ್ಷದ್ದೆಂದು ಶೈಲಮ್ಮನ ನಾಲಿಗೆಯ ತುದಿಗೆ ಬರುತ್ತಿತ್ತು. ಪಾಪ, ಅವರ ಖುಷಿ ಯಾಕೆ ಕೆಡಿಸುವುದೆಂದು ಸುಮ್ಮನಾಗುತ್ತಿದ್ದರು.

ಒಂದು ಶನಿವಾರ ಶೈಲಮ್ಮ ಕೇಳಿದ್ದರು, "ಇನ್ನೂ ಆಳದಾಗ ಇದ್ದದ್ದು ಇದಕ್ಕ ತಿಳೀತೈತೇನ್ರಿ?"

"ಇಲ್ಲ ಕಣಮ್ಮ. ಇಷ್ಟಗಲದ ಸಾಮಾನಾದ್ರೆ ಒಂದಡಿ, ಅಷ್ಟೇ. ಅದ್ರಿಂದ ಕೆಳಗೆ ಬಂಗಾರದ ನಾಣ್ಯಾನೇ ಬಿದ್ದಿರ್ಲಿ, ಇದು ಕಿವುಡು" ಎಂದು ಅವರು ಅಂಗೈ ತೋರಿಸಿದರು. ಒಳ್ಳೆಯ ವಿದ್ಯಾರ್ಥಿಯಂತೆ ಶೈಲಮ್ಮ ಅದನ್ನು ಮನಸ್ಸಿನಲ್ಲಿ ಬರೆದುಕೊಂಡರು. ಅದು ಯಾವುದಕ್ಕೆ ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಮರುದಿನ ಭಾನುವಾರ ಶಿವಕಿರಣ್ ಅವರನ್ನು ಗಂಡನ ಸಮಾಧಿಗೆ ಕರೆದುಕೊಂಡು ಹೋದ. ಚಳಿಗಾಲದಲ್ಲಿ ಅಲ್ಲಿಗೆ ಹೋಗುವುದಾಗುತ್ತಿರಲಿಲ್ಲ. ಸಿದ್ದರಾಮಪ್ಪನವರ ಹೆಸರಿನ ಕರಿಕಲ್ಲಿನ ಚಪ್ಪಡಿ ಹುಲ್ಲಿನ ಮಟ್ಟಕ್ಕೇ ಕೂತಿತ್ತು. ಮೊದಲ ವರ್ಷ ಆ ಮೂಲೆಯಲ್ಲಿ ಅದೊಂದೇ ಕಲ್ಲು, ಸುತ್ತ ಬಯಲು. ಈಗ ಎಡಕ್ಕೆ ಮೂರು, ಬಲಕ್ಕೆ ಎರಡು ಬಂದಿದ್ದವು. ಈ ಸಲ ಮುಂದೆಯೂ, ಅವರ ಕಾಲಿನ ದಿಕ್ಕಿಗೆ, ಹೊಸ ಕಲ್ಲೊಂದು ಬಂದಿತ್ತು. ಶೈಲಮ್ಮ ವಿಭೂತಿ ಹಚ್ಚಿ, ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆದರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎರಡೂವರೆ ಅಡಿ.

ಸಿದ್ದರಾಮಪ್ಪನವರು ಐದಡಿ ಹತ್ತಂಗುಲದ ಆಳು. ಬಸ್ಸಿನಲ್ಲಿ ಕೂತರೆ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು. ಅವರ ಕಾಲು ಎಲ್ಲಿ ಚಾಚಿದ್ದಾರೆ?

ಐದು ವರ್ಷದ ಹಿಂದೆ, ಎರಡು ಸಾವಿರದ ಇಪ್ಪತ್ತರ ಏಪ್ರಿಲ್‌ನಲ್ಲಿ, ಗಂಡಹೆಂಡಿರಿಬ್ಬರೂ ಕೋವಿಡ್ಡಿಗೆ ಬಿದ್ದಿದ್ದರು. ಮಗನ ಮನೆಯಲ್ಲಿ ಆರು ತಿಂಗಳಿದ್ದು ಹೋಗೋಣವೆಂದು ಬಂದವರು. ಶೈಲಮ್ಮ ಹದಿನಾರು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಒಂಬತ್ತನೆಯ ದಿನ ಸಿದ್ದರಾಮಪ್ಪ ಬೇರೊಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಶೈಲಮ್ಮ ಮನೆಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗ ಹಿಡಿಸಿ, ಕೂಡಿಸಿ ಮಣ್ಣು ಮಾಡುತ್ತಾರೆ. ಶಿವಕಿರಣ್ ಅವತ್ತು ತಾಯಿಯ ಕಾಲ ಬಳಿ ಕೂತು ಹೇಳಿದ್ದ, "ಕೂಡಿಸ್ಲಿಕ್ಕೆ ಬಿಡಲಿಲ್ಲ ಅವ್ವ. ಪೆಟಿಗ್ಯಾಗ ಮಲಗಿಸಿ ಮಣ್ಣು ಮಾಡಿದ್ವಿ. ಕಂದು ಬಣ್ಣದ ಪೆಟಿಗಿ, ಒಳಗ ಬಿಳೇ ಅರಬಿ ಹಾಸಿದ್ರು. ಕೈಯಾಗ ಲಿಂಗ ಇಟ್ಟೇನಿ, ಕರಡಿಗಿ ಸಮೇತ. ಬೆಳ್ಳಿ ಸುದ್ಧಾ ತೆಗೀಲಿಲ್ಲ."

ಕೂಡಿಸಲಿಲ್ಲವಲ್ಲ ಎಂದು ಶೈಲಮ್ಮ ಬಹಳ ಅತ್ತಿದ್ದರು. ಆಮೇಲೆ ಆ ಕಾಲವೇ ಹಾಗಿತ್ತೆಂದು ಸಮಾಧಾನ ಮಾಡಿಕೊಂಡಿದ್ದರು. ಮೈದುನನ ಮಗ ಊರಿನಿಂದ ಎಷ್ಟು ಸಲ ಫೋನ್ ಮಾಡಿ, ಬಂದುಬಿಡು ದೊಡ್ಡವ್ವ, ನಾವೆಲ್ಲ ಇದ್ದೇವೆ ಎಂದಿದ್ದ. ಅವರನ್ನು ಈ ಪರದೇಶದ ಮಣ್ಣಲ್ಲಿ ಒಬ್ಬರನ್ನೇ ಬಿಟ್ಟು ಹೇಗೆ ಬರಲಿ ಎಂದು ಶೈಲಮ್ಮ ಗ್ರೀನ್ ಕಾರ್ಡಿಗೆ ಸಹಿ ಹಾಕಿದ್ದರು. ಐದು ಚಳಿಗಾಲ ಕಳೆದದ್ದು ಆ ಕಲ್ಲಿಗಾಗಿ. ತಮ್ಮನ್ನೂ ಅದರ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಮಗನಿಂದ ಭಾಷೆ ತೆಗೆದುಕೊಂಡಿದ್ದರು.

ಹಿಂದಿರುಗುವಾಗ ಕಾರಿನಲ್ಲಿ ಕೇಳಿದರು, "ಕಿರಣಾ, ಆ ಹೊಸಾ ಕಲ್ಲು ಅಷ್ಟು ಹತ್ರ ಯಾಕ ಇಟ್ಟಾರ?"

"ಇಲ್ಲಿ ಹಂಗಽ ಇಡ್ತಾರ ಅವ್ವ. ಕಲ್ಲು ಒಂದು ಕಡೆ ಇರತೈತಿ, ಪೆಟಿಗಿ ಒಂದು ಕಡೆ. ಮಶಿನ್‌ಲೆ ಹುಲ್ಲು ಕತ್ತರಿಸ್ತಾರಲ್ಲ, ಅದಕ್ಕ ಅನುಕೂಲ ಆಗ್ಲಿ ಅಂತ ಕಲ್ಲೆಲ್ಲಾ ಒಂದು ಲೈನಿಗೆ ತರ್ತಾರ. ಟೌನ್‌ಶಿಪ್ ರೂಲ್ಸ್ ಇರ್ತಾವ. ಒಂದೊಂದು ಸಲ ಕಲ್ಲು ಸರಿಸ್ತಾರ ಸುದ್ಧಾ."

ಶೈಲಮ್ಮ ಕಿಟಕಿಯ ಕಡೆ ತಿರುಗಿದರು. ಸುಳ್ಳು ಹೇಳುವಾಗ ಶಿವಕಿರಣನ ಮಾತು ಉದ್ದವಾಗುತ್ತದೆ. ನಾಲ್ಕನೆಯ ಇಯತ್ತೆಯಲ್ಲಿ ಕೈಗಡಿಯಾರ ಕಳೆದುಕೊಂಡು ಬಂದಾಗಲೂ, ಬೀದಿನಾಯಿಯ ಬಣ್ಣದಿಂದ ಹಿಡಿದು ಎಲ್ಲವನ್ನೂ ಹೇಳಿದ್ದ. ಆ ಕಂದು ಬಣ್ಣದ ಪೆಟ್ಟಿಗೆ, ಒಳಗಿನ ಬಿಳಿ ಅರಿವೆ ಅವರಿಗೆ ಈಗ ಬೇರೆಯಾಗಿ ಕೇಳಿಸತೊಡಗಿದವು.

ಅನುಮಾನ ಒಮ್ಮೆ ಹೊಕ್ಕರೆ ಮನೆಯಲ್ಲಿ ಯಾವ ಸಾಮಾನೂ ಮೊದಲಿನಂತೆ ಕಾಣುವುದಿಲ್ಲ. ಸೊಸೆ ಅಕ್ಷತಾ ಒಳ್ಳೆಯ ಹುಡುಗಿ, ಮಾತುಗಾತಿ. ಅವತ್ತು ಸಂಜೆ ಶೈಲಮ್ಮ, "ನಿಮ್ಮ ಮಾವನ್ನ ಮಣ್ಣು ಮಾಡುವಾಗ ನೀನೂ ಅಲ್ಲೇ ಇದ್ದ್ಯೇನವಾ?" ಎಂದು ಕೇಳಿದರೆ, "ತನ್ವಿ ಸಣ್ಣಾಕಿ ಇದ್ಲಲ್ರಿ ಅತ್ತಿ. ಚಹಾ ಮಾಡ್ಲ್ಯಾ?" ಎಂದಳು. ಪೆಟ್ಟಿಗೆಗೆ ಎಷ್ಟು ಕೊಟ್ಟಿರಿ ಎಂದಾಗಲೂ ಚಹಾ. ಫೋಟೋ ಏನಾದರೂ ತೆಗೆದಿದ್ದೀರಾ ಎಂದಾಗ, ಇನ್ನೂ ತೊಳೆಯದ ಲೋಟದಲ್ಲೇ ಮತ್ತೊಂದು ಚಹಾ ಬಂತು. ಶೈಲಮ್ಮ ಎಲ್ಲವನ್ನೂ ಕುಡಿದರು. ಮಗ ಸೊಸೆ ಅಡುಗೆಮನೆಯಲ್ಲಿ ಮಾತಾಡುತ್ತಿದ್ದವರು ತಾವು ಹೋದೊಡನೆ ಇಂಗ್ಲಿಷಿಗೆ ಹೊರಳಿದಂತೆ ಅನ್ನಿಸಿತು. ಹೊರಳಿದ್ದರೋ ಇಲ್ಲವೋ, ಅವರಿಗಂತೂ ಹಾಗೆ ಕೇಳಿಸಿತು.

ಮುಂದಿನ ಶನಿವಾರ ಹೊಲದಿಂದ ಬರುವಾಗ ಬೋರಲಿಂಗಯ್ಯನವರನ್ನೂ ಬಿಡಲಿಲ್ಲ. "ಇಲ್ಲಿ ಸ್ಮಶಾನದಾಗ ಒಬ್ಬರಿಗೆ ಎಷ್ಟು ಜಾಗ ಕೊಡ್ತಾರ್ರಿ?"

"ನಮ್ಮ ಬೀಗರದ್ದು ಮಾಡ್ದಾಗ ನೋಡಿದ್ನಲ್ಲ, ಎಂಟಡಿ ಉದ್ದ ಇರತ್ತೆ."

"ಎರಡೂವರೆ ಅಡಿ ಇದ್ರ?"

"ಅದು ಬೂದಿ ಇಡೋ..." ಎಂದ ಬೋರಲಿಂಗಯ್ಯ ಮಾತು ನುಂಗಿದರು. ತಿರುವೇ ಇಲ್ಲದ ಕಡೆ ಇಂಡಿಕೇಟರ್ ಹಾಕಿದರು. ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. "ನಂಗೆ ಅಷ್ಟು ಗೊತ್ತಿಲ್ಲ ಬಿಡಿ, ಶೈಲಮ್ಮನೋರೆ. ಕಿರಣ್‌ನೇ ಕೇಳ್ಬಿಡಿ."

ಮಗನನ್ನೇ ಕೇಳಬಹುದಿತ್ತು, ನಿಜ. ಆದರೆ ಕೇಳಿದರೆ ಅವನು ಮತ್ತೆ ಉದ್ದಕ್ಕೆ ಹೇಳುತ್ತಾನೆ. ಅದನ್ನು ಕೇಳುವ ಶಕ್ತಿ ಶೈಲಮ್ಮನಿಗಿರಲಿಲ್ಲ. ಇತಿಹಾಸ ಕಲಿಸಿದವರು, ಹೇಳಿಕೆ ಬೇರೆ, ನೆಲದಲ್ಲಿ ಸಿಗುವ ಸಾಕ್ಷಿ ಬೇರೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವರು. ಮಲಗುವ ಕೋಣೆಯ ಕಪಾಟಿನಲ್ಲಿ ಮಿಶಿನ್ ಇತ್ತು. ಲೆಕ್ಕ ಸರಳವಾಗಿತ್ತು. ಸಿದ್ದರಾಮಪ್ಪ ಆರಡಿ ಕೆಳಗೆ, ಕೈಯಲ್ಲಿ ಕರಡಿಗೆ ಹಿಡಿದು ಮಲಗಿದ್ದರೆ ಮಿಶಿನ್ನಿಗೆ ಏನೂ ಕೇಳಿಸಬಾರದು. ಕೇಳಿಸಿತೆಂದರೆ ಕರಡಿಗೆ ಮೇಲೆಯೇ ಇದೆ. ಕರಡಿಗೆ ಮೇಲಿದ್ದರೆ ಅದನ್ನು ಹಿಡಿದ ಕೈ ಇಲ್ಲ, ಆ ದೇಹವೂ ಇಲ್ಲ. ಸುಟ್ಟಿದ್ದಾರೆ.

ಒಂದು ವಾರ ಶೈಲಮ್ಮ ಪೂಜೆಗೆ ಕೂತಾಗಲೆಲ್ಲ, ಮಿಶಿನ್ ಸುಮ್ಮನಿರಲಿ ಎಂದೇ ಬೇಡಿಕೊಂಡರು. ಮಗನನ್ನು ಅನುಮಾನಿಸಿದ ಪಾಪ ತನಗೇ ತಟ್ಟಲಿ, ಆದರೆ ಅದು ಸುಮ್ಮನಿರಲಿ.

ಪುಣ್ಯತಿಥಿಯ ಭಾನುವಾರ ಬೆಳಿಗ್ಗೆ ಅಕ್ಷತಾ ತನ್ವಿಯನ್ನು ಡಾನ್ಸ್ ಕ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋದಳು. ಸ್ಮಶಾನಕ್ಕೆ ತಾಯಿ ಮಗ ಇಬ್ಬರೇ ಹೊರಟರು. ಶೈಲಮ್ಮನ ಹೆಗಲಿನಲ್ಲಿ ಸೊಸೆಯ ಯೋಗದ ಚಾಪೆಯ ಚೀಲವಿತ್ತು. "ಕೆಳಗ ಕೂಡ್ಲಿಕ್ಕೆ ತಂಪಾಗತೈತಿ" ಎಂದು ಕೇಳದೆಯೇ ಹೇಳಿದರು. ತಮ್ಮ ಮಾತೂ ಉದ್ದವಾಗುತ್ತಿದೆಯೆಂದು ಆಗ ಹೊಳೆದು ಸುಮ್ಮನಾದರು.

ಕಲ್ಲಿನ ಮುಂದೆ ಕೂತು ಹೂವು, ವಿಭೂತಿಯ ಡಬ್ಬಿ ತೆಗೆದಿಟ್ಟರು. "ಬಾಟ್ಲಿಗೆ ನೀರು ತುಂಬಸೂದಽ ಮರೆತು ಬಂದೆ ನೋಡು. ಆಫೀಸಿನ ಹತ್ರ ನಳ ಐತಲ್ಲ, ತುಂಬಿಸಿಕೊಂಡು ಬಾ" ಎಂದು ಅವನನ್ನು ಕಳಿಸಿದರು. ಆಫೀಸು ಗೇಟಿನ ಪಕ್ಕ, ಹೋಗಿ ಬರಲು ಐದಾರು ನಿಮಿಷದ ದಾರಿ. ಅವನ ಬೆನ್ನು ಮರಗಳ ಸಾಲಿನಾಚೆ ಮರೆಯಾದ ಮೇಲೆ ಚೀಲದ ಜಿಪ್ ಎಳೆದರು.

ದೂರದವರಿಗೆ ಕಾಣಬಾರದೆಂದು ಉದ್ದದ ಕೋಲನ್ನು ಮನೆಯಲ್ಲೇ ಬಿಟ್ಟಿದ್ದರು. ಗಿಡ್ಡ ಕೋಲಿಗೆ ತಟ್ಟೆ ಸಿಕ್ಕಿಸಿ, ಹೆಡ್‌ಫೋನ್ ಕಿವಿಗಿಟ್ಟು, ಕೂತಲ್ಲೇ ಬಗ್ಗಿ ಹುಲ್ಲಿನ ಮೇಲೆ ಆಡಿಸಿದರು. ಎಡಗಡೆ ಏನೂ ಇಲ್ಲ. ಬಲಗಡೆ ಏನೂ ಇಲ್ಲ. ಕಲ್ಲಿನ ಕೆಳಗಿನ ಅಂಚಿನುದ್ದಕ್ಕೂ ಏನೂ ಇಲ್ಲ. ಶೈಲಮ್ಮನಿಗೆ ಎದೆ ತುಂಬಿ ಬಂತು. ನನ್ನ ಕೂಸಿನ ಮೇಲೆ ಅನುಮಾನ ಪಟ್ಟೆನಲ್ಲ, ಎಂಥ ತಾಯಿ ನಾನು ಎಂದುಕೊಂಡರು. ಇವತ್ತು ರಾತ್ರಿ ಅವನಿಗೆ ಹೋಳಿಗೆ ಮಾಡಬೇಕು. ಹಾಗೆಂದುಕೊಳ್ಳುತ್ತಲೇ, ಒಂದು ಸಲ ಪೂರ್ತಿ ನೋಡಿಬಿಡೋಣವೆಂದು ತಟ್ಟೆಯನ್ನು ನಡುವಿಗೆ ತಂದರು.

ಮಿಶಿನ್ ಕೂಗಿತು. ಎಂಬತ್ತನಾಲ್ಕು.

"ಅವ್ವ."

ಶಿವಕಿರಣ್ ಹಿಂದೆಯೇ ನಿಂತಿದ್ದ. ಕೈಯಲ್ಲಿ ನೀರಿನ ಬಾಟಲಿ. ಓಡಿ ಬಂದನೋ, ಇಲ್ಲ ಇವರಿಗೇ ಹೊತ್ತು ಹೋದದ್ದು ತಿಳಿಯಲಿಲ್ಲವೋ. ಅವನು ಮಿಶಿನ್ ನೋಡಿದ, ತಾಯಿಯ ಮುಖ ನೋಡಿದ, ಪರದೆಯ ಮೇಲಿನ ಅಂಕಿ ನೋಡಿದ. ಶೈಲಮ್ಮ ಹೆಡ್‌ಫೋನನ್ನು ಕೊರಳಿಗೆ ಇಳಿಸಿದರು. ಕೂಗು ಈಗ ತೆಳ್ಳಗೆ ಇಬ್ಬರಿಗೂ ಕೇಳುತ್ತಿತ್ತು.

"ನಿಂದಽ ಅದು ಅವ್ವ" ಎಂದ ಅವನು. "ನೀ ಬಗ್ಗೀದಿ. ನಿನ್ನ ಕರಡಿಗಿ ಜೋತುಬಿದ್ದೈತಿ, ನೋಡಿಕೋ ಬೇಕಾದ್ರ. ಎಂಬತ್ನಾಲ್ಕು ಅಂದ್ರ ನಿಂದಽ ಅಂತ ನೀನಽ ಹೇಳಿದ್ಯಲ್ಲ ಅವತ್ತು, ಊಟಕ್ಕ ಕೂತಾಗ. ಅಂಕಲ್ ಮೂರು ಗುಂಡಿ ತೋಡಿದ್ರು ಅಂತ. ತನ್ವೀನೂ ಇದ್ಲು."

ಹೌದು, ಶಿವದಾರ ಜೋಲುಬಿದ್ದಿತ್ತು. ಕರಡಿಗೆ ಸ್ವೆಟರಿನಿಂದ ಹೊರಬಂದು ತಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು. ನಂಬಬೇಕೆಂದರೆ ನಂಬಲು ಅಷ್ಟು ಸಾಕಾಗಿತ್ತು. ನಂಬಿ, ಹೂವೇರಿಸಿ, ನೀರು ಬಿಟ್ಟು, ಮನೆಗೆ ಹೋಗಿ ಹೋಳಿಗೆ ಮಾಡಬಹುದಿತ್ತು. ಶೈಲಮ್ಮನಿಗೆ ಅದೇ ಬೇಕೆನ್ನಿಸಿತು. ಮಗನ ಮುಖ ನೋಡಿದರು. ನಲವತ್ತನಾಲ್ಕು ವರ್ಷ, ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಹೂಂ ಅನ್ನು, ದಯಮಾಡಿ ಹೂಂ ಅನ್ನು ಎಂದು ಆ ಮುಖ ಬೇಡುತ್ತಿತ್ತು. ಬೇಡಿರದಿದ್ದರೆ ಅವರು ನಂಬಿಬಿಡುತ್ತಿದ್ದರೇನೋ.

ಅವರು ಎರಡೂ ಕೈಯೆತ್ತಿ ಶಿವದಾರವನ್ನು ಕೊರಳಿನಿಂದ ತೆಗೆದರು. ತಲೆಯ ಹಿಂದೆ ತುರುಬಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಒಂದು ಗಳಿಗೆ ಹಿಡಿಯಿತು.

"ಅವ್ವ, ಏನ್ ಮಾಡಾಕತ್ತಿ? ಅದನ್ನ ತೆಗೀಬಾರದು."

"ಎಡಗೈ ಮುಂದ ಮಾಡು."

ಅವನು ಬಾಟಲಿಯನ್ನು ಬಲಗೈಗೆ ಬದಲಿಸಿಕೊಂಡು ಎಡಗೈ ಚಾಚಿದ. ಶೈಲಮ್ಮ ಅವನ ಅಂಗೈಯಲ್ಲಿ ಕರಡಿಗೆಯಿಟ್ಟು, ದಾರವನ್ನು ಸುತ್ತಿ ಅದರ ಮೇಲಿಟ್ಟರು. ಅರವತ್ತಾರು ವರ್ಷದಲ್ಲಿ ಲಿಂಗ ಅವರ ಮೈ ಬಿಟ್ಟದ್ದು ಇದೇ ಮೊದಲು. ಆಸ್ಪತ್ರೆಯಲ್ಲಿ ನರ್ಸ್ ತೆಗೆಯಲು ಬಂದಾಗ, ಉಸಿರಾಡಲಾಗದಿದ್ದರೂ ಮುಷ್ಟಿ ಬಿಗಿ ಹಿಡಿದು ಬಿಟ್ಟಿರಲಿಲ್ಲ. ಈಗ ಎದೆಯ ಮೇಲೆ ಆ ತೂಕವಿಲ್ಲದೆ ಚಳಿಯಾದಂತಾಯಿತು.

"ಹತ್ತು ಹೆಜ್ಜಿ ಹಿಂದಕ್ಕ ಹೋಗಿ ನಿಂದರು."

ಅವನು ಹೋದ. ಬೆನ್ನು ತಿರುಗಿಸದೆ, ತಾಯಿಯನ್ನು ನೋಡುತ್ತಲೇ, ಕಲ್ಲುಗಳನ್ನು ತುಳಿಯದಂತೆ ಒಂದೊಂದೇ ಹೆಜ್ಜೆ ಹಿಂದಿಟ್ಟ. ಶೈಲಮ್ಮ ಹೆಡ್‌ಫೋನ್ ಮತ್ತೆ ಕಿವಿಗೆ ಏರಿಸಿ ಬಗ್ಗಿದರು. ಈಗ ಅವರ ಕೊರಳು ಬರಿದಾಗಿತ್ತು. ಎಡಗಡೆ ಏನೂ ಇಲ್ಲ. ಬಲಗಡೆ ಏನೂ ಇಲ್ಲ. ನಡುವಿಗೆ ತಂದರು.

ಎಂಬತ್ತನಾಲ್ಕು.

ತಟ್ಟೆಯನ್ನು ಸರಿಸಿದರು, ನಿಂತಿತು. ಮತ್ತೆ ತಂದರು; ಕೂಗಿತು. ಒಂದೇ ಗಟ್ಟಿಯಿಂದ ಮಾಡಿದ ಜೋಡಿ, ದನಿಯೂ ಒಂದೇ. ಅವರು ಮಿಶಿನ್ ಬಂದ್ ಮಾಡಿ ಪಕ್ಕಕ್ಕಿಟ್ಟು, ಆ ಜಾಗದ ಹುಲ್ಲಿನ ಮೇಲೆ ಅಂಗೈ ಊರಿದರು. ಒಂದು ಗೇಣು ಆಳ, ಬಹಳವೆಂದರೆ ಒಂದೂವರೆ. ಐದು ವರ್ಷ ಈ ಹುಲ್ಲಿಗೆ ಹಣೆ ಹಚ್ಚಿ, ಇಲ್ಲಿ ಎದೆ, ಅಲ್ಲಿ ಪಾದ ಎಂದು ಹೂವೇರಿಸಿದ್ದರು. ಪಾದಗಳು ಇರಲೇ ಇಲ್ಲ. ಲಿಂಗವನ್ನಾದರೂ ಬೆಂಕಿಗೆ ಹಾಕದೆ ಇಲ್ಲಿ ತಂದಿಟ್ಟಿದ್ದಾನೆ.

"ಎಷ್ಟು ಬಂತು?" ಎಂದು ಶಿವಕಿರಣ್ ಅಲ್ಲಿಂದಲೇ ಕೇಳಿದ.

"ಎಂಬತ್ನಾಲ್ಕು."

ಅವನು ತನ್ನ ಅಂಗೈ ನೋಡಿಕೊಂಡ. "ಮಣ್ಣು ಮಾಡ್ಲಿಕ್ಕೆ ಹನ್ನೊಂದು ಕಡೆ ಫೋನ್ ಮಾಡಿದ್ದೆ ಅವ್ವ."

ಅಷ್ಟೇ ಹೇಳಿದ. ಶೈಲಮ್ಮ ಇನ್ನೂ ಏನಾದರೂ ಬರುತ್ತದೆಯೆಂದು ಕಾದರು, ಬರಲಿಲ್ಲ. ಅವನ ಬಲಗೈಯಿಂದ ಬಾಟಲಿ ಜಾರಿ ಬಿದ್ದು, ನೀರು ಯಾರದೋ ಕಲ್ಲಿನ ಸುತ್ತ ಹರಿಯುತ್ತಿತ್ತು. ಅವನು ಅದನ್ನು ಎತ್ತಲು ಬಗ್ಗಲಿಲ್ಲ. ಗಾಳಿಗೆ ದಾರ ಹಾರದಂತೆ ಬಲಗೈಯನ್ನು ಮೇಲೆ ಮುಚ್ಚಿ, ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ತಾಯಿ ನಿಲ್ಲಿಸಿದ ಜಾಗದಲ್ಲೇ ನಿಂತಿದ್ದ.